ಅರಸಿ ಬಾರದ ಗುಡ್ಡ

ಕಂಚಿಕೋಡಿ ಬಂದರಿನ ಬಡಗಣ ತುದಿಯಲ್ಲಿ, ಹೊಳೆ ಕಡಲನ್ನು ಸೇರುವಲ್ಲಿ, ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯ ಮೇಲೆ ಚಿರೆಕಲ್ಲಿನ ವಿಶಾಲವಾದ ಅಡಿಪಾಯ, ಮೊಣಕಾಲೆತ್ತರಕ್ಕೆ ನಿಂತುಹೋದ ಗೋಡೆ, ಎಲ್ಲಿಗೂ ತಲುಪದ ಮೆಟ್ಟಿಲು. ಚಳಿಗಾಲದಲ್ಲಿ ವಾರಗಟ್ಟಲೆ ತಂಗಲು ಬರುವ ಪ್ರವಾಸಿಗರು ಸಂಜೆಯಾದರೆ ಆ ಗೋಡೆಯ ಮೇಲೆ ಸಾಲಾಗಿ ಕುಳಿತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಅರಸಿ ಬಾರದ ಗುಡ್ಡ ಎಂಬ ಹೆಸರು ಕೇಳಿದ್ದೇ ತಡ, ಕಾದು ಸೊರಗಿದ ಅರಸ, ದಾರಿಯಲ್ಲೇ ಕಣ್ಮುಚ್ಚಿದ ಅರಸಿ ಎಂದು ದುಃಖದ ಕಥೆಯೊಂದನ್ನು ತಾವೇ ಹೆಣೆದುಕೊಳ್ಳುತ್ತಾರೆ. ಅಂಥದ್ದೇನೂ ನಡೆಯಲಿಲ್ಲ. ಊರಿನ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ, ಈ ಬಂದರು ಘಟ್ಟದ ಮೇಲಿನ ಅರಸುಮನೆತನದ ಕೈಕೆಳಗಿದ್ದಾಗ, ಹಮ್ಮಣ್ಣ ನಾಯಕನೆಂಬವನು ಊರಿನ ಮುಖ್ಯಸ್ಥನಾಗಿದ್ದ. ಸುಳ್ಳಾಡಿದವನಲ್ಲ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನೂ ಅಲ್ಲ. ಒಂದು ಶ್ರಾವಣದಲ್ಲಿ ಅವನು ಕಾಣಿಕೆ ಒಪ್ಪಿಸಲು ಅರಮನೆಗೆ ಹೋದಾಗ ಆಳುತ್ತಿದ್ದ ಅರಸಿ ಕೆಮ್ಮಿನಿಂದ ಬಳಲುತ್ತಿದ್ದಳು. ಕೆಲವು ತಿಂಗಳು ಕಡಲಗಾಳಿ ಕುಡಿದರೆ ಗುಣವಾದೀತೆಂದು ವೈದ್ಯರು ಹೇಳಿದ್ದರು. ಹಮ್ಮಣ್ಣ ಹಿಂದುಮುಂದು ನೋಡದೆ, "ನಮ್ಮೂರಿಗೇ ಬನ್ನಿ ತಾಯಿ, ಬೇಸಿಗೆಯುದ್ದಕ್ಕೂ ಇರಿ. ನಮ್ಮ ಒರತೆಯ ನೀರು ಎಳನೀರಿಗಿಂತ ಸಿಹಿ" ಎಂದುಬಿಟ್ಟ. ಅದು ನಿಜವೇ ಆಗಿತ್ತು. ಅವನು ಊರು ಬಿಟ್ಟ ದಿನ ಗುಡ್ಡದ ಬುಡದ ಒರತೆ ತುಂಬಿ ಹರಿಯುತ್ತಿತ್ತು. ಆದರೆ ಬೇಸಿಗೆಯಲ್ಲಿ ಕಂಚಿಕೋಡಿಯ ಬಾವಿಗಳೆಲ್ಲ ಉಪ್ಪಾಗುತ್ತವೆ. ಉಳಿಯುವುದು ಆ ಒಂದು ಒರತೆ. ಅದರ ಬಳಿ ಹೆಂಗಸರು ಸರತಿಯಲ್ಲಿ ಕುಳಿತು, ಒಸರಿದಷ್ಟು ನೀರನ್ನು ತೆಂಗಿನ ಕರಟದಿಂದ ಗೋರಿ ಕೊಡ ತುಂಬಿಸುತ್ತಿದ್ದರು. ದೇವಸ್ಥಾನದ ಭಟ್ಟರೂ ಅದೇ ಸರತಿಯಲ್ಲಿ ನಿಲ್ಲಬೇಕಾಗಿತ್ತು.

ಮನೆಗೆ ಬಂದು ಸಂಭ್ರಮದಿಂದ ಸುದ್ದಿ ಹೇಳಿದಾಗ ಅವನ ವಿಧವೆ ತಂಗಿ ಬೊಮ್ಮಕ್ಕ ತುರಿಯುತ್ತಿದ್ದ ಕಾಯಿಯನ್ನು ಕೆಳಗಿಟ್ಟಳು. "ಅಣ್ಣಾ, ಶ್ರಾವಣದಲ್ಲಿ ನಿಂತು ವೈಶಾಖದ ಮಾತು ಕೊಟ್ಟು ಬಂದ್ಯಲ್ಲೋ! ಒರತೆ ಹತ್ರ ಕೂತು ಒಂದು ಕೊಡ ನೀರು ಗೋರಿದವನಾಗಿದ್ರೆ ಆ ನಾಲಿಗೆ ಅಷ್ಟು ಉದ್ದ ಆಗ್ತಿರಲಿಲ್ಲ" ಎಂದಳು. ಆ ರಾತ್ರಿಯ ಊಟ ಹಮ್ಮಣ್ಣನಿಗೆ ರುಚಿಸಲಿಲ್ಲ ಎನ್ನುತ್ತಾರೆ.

ದೀಪಾವಳಿ ಕಳೆಯುತ್ತಲೇ ಅರಮನೆಯ ಪಾರುಪತ್ಯಗಾರ ರೇವಣಯ್ಯ ಏರ್ಪಾಡಿಗೆಂದು ಬಂದಿಳಿದ. ಶಿವರಾತ್ರಿಯಿಂದ ಮುಂಗಾರಿನವರೆಗೆ ಅರಸಿಯ ವಾಸ್ತವ್ಯ. ಜೊತೆಗೆ ಅಡುಗೆಯವರು, ಪಲ್ಲಕ್ಕಿಯವರು, ವಾದ್ಯದವರು, ಕುದುರೆಗಳು, ಎರಡು ಆನೆಗಳು. ಗಾಳಿ ಚೆನ್ನಾಗಿ ಬೀಸುವ ಗುಡ್ಡದ ಮೇಲೆ ಬಿಡಾರ. ಕಲ್ಲುಕುಟಿಗರು ಕೆಲಸಕ್ಕೆ ತೊಡಗಿದರು. ಉಪ್ಪುನೀರಿನಲ್ಲಿ ಕಲಸಿದ ಗಾರೆ ಕಚ್ಚುವುದಿಲ್ಲವಾದ್ದರಿಂದ ಒರತೆಯ ನೀರು ದಿನವಿಡೀ ಗುಡ್ಡ ಹತ್ತತೊಡಗಿತು. ಪುಷ್ಯ ಮಾಸದಲ್ಲೇ ಹೆಂಗಸರು ಕರಟ ಹಿಡಿಯಬೇಕಾಯಿತು. ಹಮ್ಮಣ್ಣ ಹೋಗಿ ನೀರಿನ ಸ್ಥಿತಿ ವಿವರಿಸಿದಾಗ ರೇವಣಯ್ಯ ಸಲೀಸಾಗಿ, "ಚಿಂತೆ ಬೇಡ ನಾಯಕರೇ, ಒರತೆಗೆ ಕಾವಲು ಹಾಕಿಸೋಣ" ಎಂದ. "ಕಾವಲು ಹಾಕಿದರೆ ನೀರು ಹೆಚ್ಚು ಒಸರುತ್ತದೆಯೇ ಸ್ವಾಮಿ?" ಎಂದು ಹಮ್ಮಣ್ಣ ಕೇಳಿದ. ಮರುದಿನ ಕಾವಲಿನವರು ಬಂದರು.

ಊರಲ್ಲಿ ಸಿಡುಬು ಎದ್ದಿದೆಯೆಂದು ಹೇಳಿಕಳಿಸಿದರೆ ಅರಸಿ ಇತ್ತ ತಲೆಯೂ ಹಾಕುವುದಿಲ್ಲವೆಂದು ಕೆಲವರು ಉಪಾಯ ಸೂಚಿಸಿದರು. ಹಮ್ಮಣ್ಣ ಒಪ್ಪಲಿಲ್ಲ. ಕರೆದವನು ತಾನು, ಬೇಡವೆನ್ನಬೇಕಾದವನೂ ತಾನೇ. ಸುಳ್ಳಿನ ಹಿಂದೆ ಅಡಗಿ ಕೂರುವುದು ಅವನಿಂದಾಗದು. ಕರೆದ ಬಾಯಿಂದಲೇ ಬೇಡವೆಂದರೆ ಅರಸೊತ್ತಿಗೆಗೆ ಮಾಡಿದ ಅವಮಾನವಾಗುತ್ತದೆ, ತಲೆ ಉಳಿಯುವುದು ಕಷ್ಟ ಎಂಬುದೂ ಅವನಿಗೆ ಗೊತ್ತಿತ್ತು. ಬೊಮ್ಮಕ್ಕ ಬುತ್ತಿ ಕಟ್ಟಿಕೊಟ್ಟಳು. ಅಂದು ಅವಳು ಹಂಗಿಸಲಿಲ್ಲ. ಅದೇ ಅವನನ್ನು ಹೆಚ್ಚು ಹೆದರಿಸಿತು.

ಘಟ್ಟ ಹತ್ತುವಾಗ ಅವನು ಹತ್ತಾರು ಬಗೆಯಲ್ಲಿ ಮಾತು ಜೋಡಿಸಿಕೊಂಡಿದ್ದ. ಅರಸಿಯ ಎದುರು ನಿಂತಾಗ ಒಂದೂ ನೆನಪಾಗಲಿಲ್ಲ. "ತಾಯಿ, ಮಳೆಗಾಲದ ನೀರು ಕಂಡು ಬೇಸಿಗೆಗೆ ಕರೆದುಬಿಟ್ಟೆ. ತಪ್ಪು ನನ್ನದು. ತಾವು ಬಂದರೆ ಕಾಲಿಗೆ ಬಿದ್ದು ಬರಮಾಡಿಕೊಳ್ಳುತ್ತೇನೆ, ಆದರೆ ನನ್ನ ಊರು ಬಾಯಾರಿ ಸಾಯುತ್ತದೆ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅರಸಿ ನಗತೊಡಗಿದಳು. ಕೆಮ್ಮು ಬಂದರೂ ನಗು ನಿಲ್ಲಲಿಲ್ಲ. "ನಾಯಕರೇ, ಇಷ್ಟು ದಿನ ಎಲ್ಲಿದ್ದಿರಿ? ಇಡೀ ಅರಮನೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದರೆ ಅದು ವಿಶ್ರಾಂತಿಯೇ? ಮೊದಲ ದಿನದಿಂದ ನನಗೆ ಮನಸ್ಸಿರಲಿಲ್ಲ. ಅಷ್ಟು ಅಕ್ಕರೆಯಿಂದ ಕರೆದಿರಿ, ನೊಂದುಕೊಂಡೀರೆಂದು ಸುಮ್ಮನಿದ್ದೆ" ಎಂದಳು. ಕಟ್ಟಡ ಎಲ್ಲಿದೆಯೋ ಅಲ್ಲಿಗೇ ನಿಲ್ಲಲಿ ಎಂದು ಆಜ್ಞೆಯಾಯಿತು. ಅರಸಿ ಇಬ್ಬರು ದಾಸಿಯರೊಂದಿಗೆ ತನ್ನ ತವರಿನ ಹೊಳೆದಂಡೆಗೆ ಹೋಗಿ ಬೇಸಿಗೆ ಕಳೆದಳು. ಕೆಮ್ಮು ವಾಸಿಯಾಯಿತೋ ಇಲ್ಲವೋ, ಕಂಚಿಕೋಡಿಯವರಿಗೆ ತಿಳಿಯದು.

ಹಮ್ಮಣ್ಣ ಊರಿಗೆ ಮರಳಿದಾಗ ಮನೆಗೆ ಹೋಗಲಿಲ್ಲ, ನೇರ ಗುಡ್ಡ ಹತ್ತಿದ. ಕಲಸಿಟ್ಟ ಗಾರೆಯ ಪಕ್ಕ ನಿಂತು, ಕೆಳಗೆ ಸರತಿಯಲ್ಲಿದ್ದ ಹೆಂಗಸರಿಗೆ ಕೇಳುವಂತೆ, "ಅರಸಿ ಬರೋದಿಲ್ಲ! ಅರಸಿ ಬರೋದಿಲ್ಲ!" ಎಂದು ಗಂಟಲು ಬಿರಿಯುವಂತೆ ಕೂಗಿದ. ಕರಟ ಹಿಡಿದವರು ಕರಟ ಬಿಟ್ಟು ಕೇಕೆ ಹಾಕಿದರು. ಬೊಮ್ಮಕ್ಕ ಮಾತ್ರ, "ಕೂಗಿದ್ದು ಸಾಕು, ಗಂಟಲು ಒಣಗಿದ್ರೆ ಕುಡಿಯೋಕೆ ನೀರು ನಾನೇ ಗೋರ್ಬೇಕು, ಇಳಿದು ಬಾ" ಎಂದು ಕೆಳಗಿನಿಂದಲೇ ಗದರಿದಳು. ಆ ಕೂಗೇ ಗುಡ್ಡಕ್ಕೆ ಹೆಸರಾಗಿ ನಿಂತಿತು ಎನ್ನುತ್ತಾರೆ.

ಕಂಚಿಕೋಡಿಯವರು ಇಂದಿಗೂ ಯಾರನ್ನೂ ಬರಿದೇ 'ಬನ್ನಿ' ಎಂದು ಕರೆಯುವುದಿಲ್ಲ. ತಿಂಗಳು ಹೇಳಿ ಕರೆಯುತ್ತಾರೆ. ದೀರ್ಘ ರಜೆ ಕಳೆಯಲು ಕೋಣೆ ವಿಚಾರಿಸಿದವರಿಗೆ ವಸತಿಗೃಹದವರು, "ಏಪ್ರಿಲ್ ಬೇಡ, ನವೆಂಬರಿನಲ್ಲಿ ಬನ್ನಿ, ಎಷ್ಟು ದಿನ ಬೇಕಾದರೂ ಇರಿ" ಎನ್ನುವುದುಂಟು. ಹಾಗೆ ಬಂದವರು ಗುಡ್ಡ ಹತ್ತಿದರೆ ಅಡಿಪಾಯದ ಹಾಸಿನ ಮೇಲೆ ಹೆಂಗಸರು ಬಂಗುಡೆ ಮೀನು ಒಣಗಿಸುತ್ತಿರುವುದು ಕಾಣುತ್ತದೆ. ಅಯ್ಯೋ ಪಾಪ, ಆ ಅರಸಿ ಕೊನೆಗೂ ಬರಲೇ ಇಲ್ಲವೇ ಎಂದು ಯಾರಾದರೂ ಮರುಗಿದರೆ, ಆ ಹೆಂಗಸರು ಕಾಗೆ ಓಡಿಸುತ್ತಲೇ ನಗುತ್ತಾರೆ: "ಬರಲಿಲ್ಲ ಮಾರಾಯ್ರೇ. ಬದುಕಿಕೊಂಡೆವು."