ಘಟ್ಟದ ರಸ್ತೆಯಲ್ಲೊಂದು ಫೋನು

ಇನಾಮದಾರ ಸಾಹೇಬರು ಕಾರು ಓಡಿಸಿದರೆ ಪಕ್ಕದಲ್ಲಿ ಕೂತವರು ಮನೆದೇವರನ್ನು ನೆನೆಯುತ್ತಿದ್ದರು. ಅವತ್ತು ಜಿಲ್ಲಾ ಸಭೆಗೆ ಹೊರಟಾಗ ಪಕ್ಕದಲ್ಲಿ ಕೂತದ್ದು ಗುಮಾಸ್ತ ಸಂಗಯ್ಯ.

ಘಟ್ಟದ ತಿರುವಿನಲ್ಲಿ ಮುಂದೊಂದು ಲಾರಿ ಸಿಕ್ಕಿತು. ಸಾಹೇಬರು ಹಾರ್ನಿನ ಮೇಲಿಟ್ಟ ಕೈ ತೆಗೆಯದೆ ಕಾರನ್ನು ಬಲಕ್ಕೆ ಎಳೆದರು. ಎದುರಿಗೆ ಬಂದ ಬಸ್ಸು ಕೂದಲೆಳೆಯಲ್ಲಿ ತಪ್ಪಿತು. ಕಾರು ಮತ್ತೆ ಲಾರಿಯ ಹಿಂದೆ ಬಂತು.

“ಮುಂದಿನ ತಿರುವಿನಾಗ ಹಿಂದ ಹಾಕೇ ಹಾಕ್ತೀನಿ. ಕಣ್ಣು ಮುಚ್ಚಬ್ಯಾಡ್ರಿ, ನೋಡ್ತಿರ್ರಿ,” ಎಂದರು ಸಾಹೇಬರು.

ಸಂಗಯ್ಯ ಫೋನು ತೆಗೆದ.

“ಯಾರಿಗ್ರಿ ಫೋನು?”

“ಹುದ್ದಾರ ಸಾಹೇಬ್ರಿಗ್ರಿ. ನಿಮ್ಮ ಕುರ್ಚಿಗೆ ಮುಂದಿನ ಹೆಸರು ಅವರದ ಅಲ್ರಿ? ಸಂಜಿಕ್ಕ ಚಾರ್ಜ್ ತಗೊಳ್ಳಾಕ ತಯಾರಿರ್ರಿ ಅಂತ ಈಗ ಹೇಳಿಬಿಡ್ತೀನ್ರಿ. ಆಮ್ಯಾಲೆ ಹೇಳಾಕ ನಾನೂ ಇರಂಗಿಲ್ಲಲ್ರಿ.”

ಸಾಹೇಬರ ಮುಖ ಕಪ್ಪಿಟ್ಟಿತು. ಆ ಹುದ್ದಾರ ಐದು ವರ್ಷದಿಂದ ಅದೇ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ.

“ಫೋನು ಒಳಗ ಇಡ್ರಿ,” ಎಂದರು.

ಘಟ್ಟದಲ್ಲಿ ಸಿಗ್ನಲ್ಲೇ ಇರಲಿಲ್ಲ. ಅದನ್ನು ಸಂಗಯ್ಯ ಹೇಳಲಿಲ್ಲ.

ಘಟ್ಟ ಇಳಿದ ಮೇಲೆ ರಸ್ತೆ ನೇರವಾಯಿತು. ಲಾರಿಯವನೇ ಪಕ್ಕಕ್ಕೆ ಸರಿದು, ಮುಂದೆ ಹೋಗಿ ಎಂದು ಕೈ ಬೀಸಿದ.

ಸಾಹೇಬರು ಗೇರು ಇಳಿಸಿದರು. “ಬ್ಯಾಡ, ಅವನೇ ಮುಂದ ಹೋಗ್ಲಿ.”