ಒಗ್ಗರಣೆ ಬಂಡೆ

ಬೆಣಚಿಮಟ್ಟಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ನೋಡಿದರೆ ಬೋಳು ಗುಡ್ಡವೊಂದು ಕಾಣುತ್ತದೆ. ಅದರ ನೆತ್ತಿಯ ಹತ್ತಿರ, ಕೈ ತೂರಿಸುವಷ್ಟು ಬಿರುಕಿರುವ ಕರಿಯ ಬಂಡೆಗೆ ಒಗ್ಗರಣೆ ಬಂಡೆ ಎಂದು ಹೆಸರು. ಸುತ್ತ ಎಲ್ಲಿಯೂ ಒಂದು ಒಲೆಯಿಲ್ಲ. ಆದರೂ ನಡುಹಗಲಿನಲ್ಲಿ ಅಲ್ಲಿ ಸಾಸಿವೆ ಸಿಡಿದ ವಾಸನೆ ಬರುತ್ತದೆ ಎನ್ನುತ್ತಾರೆ. ಒಗ್ಗರಣೆ ಎಂಬ ಮಾತಿನ ಮೂಲವನ್ನು ಪಂಡಿತರು ನಿಘಂಟಿನಲ್ಲಿ ಹುಡುಕಿಕೊಳ್ಳಲಿ. ನಮ್ಮೂರಿನಲ್ಲಿ ಅದಕ್ಕೆ ಎಣ್ಣೆ, ಸಾಸಿವೆ, ಕರಿಬೇವಿನಾಚೆಗೂ ಒಂದು ಅರ್ಥವಿದೆ. ಸಾವಾದ ಮನೆಯವರು ಸೂತಕ ಕಳೆಯುವವರೆಗೆ ಒಗ್ಗರಣೆ ಹಾಕುವುದಿಲ್ಲ, ಬೇಳೆಯನ್ನು ಸಪ್ಪಗೆ ಬೇಯಿಸಿ ಉಣ್ಣುತ್ತಾರೆ. ಹಾಗಾಗಿ ಒಂದು ಮನೆಯಲ್ಲಿ ಒಗ್ಗರಣೆ ಬಿತ್ತು ಎಂದರೆ ಸತ್ತವರು ಹೊರಟುಹೋದರು, ಇದ್ದವರು ಉಳಿದರು ಎಂದು ತಿಳಿಯಬೇಕು. ಈ ಕಥೆಗೆ ನಾನು ನನ್ನದೊಂದು ಒಗ್ಗರಣೆ ಹಾಕುವುದಿಲ್ಲ. ಅಜ್ಜಿಯ ಬಾಯಿಂದ ಕೇಳಿದಷ್ಟನ್ನೇ ಬರೆಯುತ್ತೇನೆ.

ಹಿಂದೆ ಒಮ್ಮೆ ಈ ಗುಡ್ಡದ ಗವಿಯೊಂದರಲ್ಲಿ ಕೂತು ಸೂರಪ್ಪನೆಂಬ ಕಲ್ಲುಕುಟಿಗ ಬೀಸುಕಲ್ಲು ಕೆತ್ತುತ್ತಿದ್ದನಂತೆ. ಒಂದು ದಿನ ಮೇಲಿದ್ದ ಈ ಬಂಡೆಯೇ ಜಾರಿ ಗವಿಯ ಬಾಯಿ ಮುಚ್ಚಿತು. ಊರವರು ಮೂರು ದಿನ ಹಾರೆ ಹಾಕಿ ಸೋತು, ಸತ್ತನೆಂದು ತೀರ್ಮಾನಿಸಿ, ಸೂತಕ ಹಿಡಿಯಲು ಹೇಳಿದರು. ಅವನ ಹೆಂಡತಿ ಹುಲಿಗೆವ್ವ ಒಪ್ಪಲಿಲ್ಲ. ಹೆಣ ಕಾಣದೆ ಸೂತಕವೆಲ್ಲಿಯದು ಎಂದು ಹಟ ಹಿಡಿದು, ಬಂಡೆಯ ಎದುರಿಗೇ ಮೂರು ಕಲ್ಲು ಹೂಡಿ ಬೇಳೆ ಬೇಯಿಸಿ, ಬಿರುಕಿನ ಬಾಯಿಗೆ ಸೌಟು ಹಿಡಿದು ಒಗ್ಗರಣೆ ಕಾಯಿಸಿದಳು. ಗಂಡ ಬದುಕಿದ್ದರೆ ಆ ವಾಸನೆಗೆ ಓಗೊಡದೆ ಇರಲಾರ ಎಂಬುದು ಅವಳ ನಂಬಿಕೆ. ಸಾಸಿವೆ ಸಿಡಿಯಿತು. ಒಳಗಿನಿಂದ ದನಿ ಬಂತು: "ಉಣ್ಣಾಕ ನೀಡು, ಬಂದೆ."

ಊರೇ ಬೆಚ್ಚಿ ಮತ್ತೆ ಹಾರೆ ಹಿಡಿಯಿತು. ದಿನವೂ ಒಗ್ಗರಣೆ, ದಿನವೂ ಅದೇ ಮಾತು. ಒಂಬತ್ತನೆಯ ದಿನ ಪಕ್ಕದಿಂದ ಕೊರೆದು ಒಳಹೊಕ್ಕವರು ಮುಖ ತಗ್ಗಿಸಿ ಹೊರಬಂದರು. ಬಂಡೆ ಬಿದ್ದ ಗಳಿಗೆಯಲ್ಲೇ ಸೂರಪ್ಪ ಜಜ್ಜಿಹೋಗಿದ್ದ. ಅವನನ್ನು ಮಣ್ಣು ಮಾಡಿದರು. ಹುಲಿಗೆವ್ವನ ಮನಸ್ಸು ಕೇಳಲಿಲ್ಲ; ಮರುದಿನವೂ ಹೋಗಿ ಒಗ್ಗರಣೆ ಕಾಯಿಸಿದಳು. ಬರಿದಾದ ಗವಿಯಿಂದ ಅದೇ ದನಿ ಅದೇ ಮಾತು ಹೇಳಿತು, ಈ ಸಲ ಬಿರುಕಿನ ಅಂಚಿನಿಂದಲೇ. ಹಿಂದೆ ನಿಂತಿದ್ದ ಮುದಿ ಅತ್ತೆ ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡಳು.

"ಅವಂಗ ಸತ್ತದ್ದು ಗೊತ್ತಿಲ್ಲ. ನೀನ ಹೇಳಬೇಕವ್ವಾ."

ಮರುದಿನ ಇಬ್ಬರೂ ಸಪ್ಪೆ ಬೇಳೆಯ ಗಡಿಗೆ ತಂದು ಬಿರುಕಿನೆದುರು ಇಳಿಸಿದರು. ಮನುಷ್ಯ ಸಿಗದಿದ್ದರೆ ದನಿಯಾದರೂ ಇರಲಿ ಎಂಬ ಆಸೆ ಹುಲಿಗೆವ್ವನಿಗೆ, ಪಾಪ. ಕೊನೆಗೆ ಹೇಳಿದಳು: "ಇವತ್ತ ಒಗ್ಗರಣಿ ಇಲ್ಲ. ನಮ್ಮನ್ಯಾಗ ಸೂತಕ ಐತಿ."

ಒಳಗಿನಿಂದ ದನಿ ಮೆಲ್ಲಗೆ ಕೇಳಿತಂತೆ: "ಯಾರು ಹೋದ್ರು?"

"ನೀವ" ಎಂದಳು ಹುಲಿಗೆವ್ವ. ಆ ದನಿ ಮತ್ತೆಂದೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅವಳು ತೀರಿಕೊಂಡ ದಿನ ಊರಿನ ಯಾವ ಒಲೆಯಲ್ಲೂ ಒಗ್ಗರಣೆ ಬೀಳಲಿಲ್ಲ. ಬಿರುಕಿನೊಳಗೆ ಮಾತ್ರ ನಡುಹಗಲಿಗೆ ಸಾಸಿವೆ ಚಟಪಟ ಸಿಡಿಯಿತು ಎನ್ನುತ್ತಾರೆ. ಬಂಡೆಗೆ ಹೆಸರು ಬಂದದ್ದು ಅಂದಿನಿಂದ. ಈಗಲೂ ಸಾವಾದ ಮನೆಯವರು ಸಪ್ಪೆ ಬೇಳೆಯನ್ನು ಮೊದಲು ಇಲ್ಲಿ ತಂದಿಟ್ಟು, ತೀರಿಕೊಂಡವರ ಹೆಸರನ್ನು ಬಿರುಕಿಗೆ ಬಾಯಿಟ್ಟು ಹೇಳಿ ಹೋಗುತ್ತಾರೆ. ನೋಡಲು ಬಂದವರಿಗೆ ಕಾಣುವುದು ಬಿರುಕಿನ ಮೇಲಂಚಿಗೆ ಹಿಡಿದ ಹೊಗೆಯ ಕಪ್ಪು, ಕೆಳಗಿನ ಎಣ್ಣೆಜಿಡ್ಡು, ಇಷ್ಟೇ. ನಮ್ಮವ್ವ ಹೋದ ಮೂರನೆಯ ದಿನ ನಾನೂ ಅವಳ ಹೆಸರು ಹೇಳಲು ಹೋಗಿದ್ದೆ. ಚಳಿಗಾಲದ ಬೆಳಗು, ಬಂಡೆಯೆಲ್ಲ ಕೊರೆಯುತ್ತಿತ್ತು. ಹೆಸರು ಹೇಳಿ ಆ ಜಿಡ್ಡಿನ ಮೇಲೆ ಬೆರಳಿಟ್ಟೆ. ಅದು ಬೆಚ್ಚಗಿತ್ತು.