ಕಲ್ಲಿಗೆ ಜೀವ ಬರುವ ಮೊದಲು

ದೇವಸ್ಥಾನದ ಮೊಕ್ತೇಸರ ಶಂಭು ಹೆಗ್ಡೆಯವರಿಗೆ ತಮ್ಮ ಹೋಟೆಲಿನ ಉಪ್ಪುನೀರಿನ ಮೀನುತೊಟ್ಟಿಗೆ ಜೀವವಿರುವ ಕಲ್ಲೇ ಬೇಕು, ಮೀನಿನ ಕೊಳೆ ತಿಂದು ನೀರು ಶುದ್ಧವಿಡುವ ಸೂಕ್ಷ್ಮಜೀವಿಗಳು ತುಂಬಿದ ಕಡಲಕಲ್ಲು. ಅವರು ಕೊಟ್ಟ ದುಡ್ಡಿಗೆ ಆಳು ಐತಪ್ಪನಿಗೆ ಸಿಕ್ಕಿದ್ದು ಒಣಕಲ್ಲು, ಜೊತೆಗೆ ಮುಷ್ಟಿಯಷ್ಟು ಜೀವಕಲ್ಲು. ಎರಡನ್ನೂ ಅವನು ಮೆಲ್ಲಗೆ ತೊಟ್ಟಿಗೆ ಇಳಿಸಿದ. ಹಿಂದಿನ ಆಳು ಒಂದು ಮೀನು ಸತ್ತದ್ದಕ್ಕೇ ಕೆಲಸ ಕಳಕೊಂಡಿದ್ದ.

"ಸತ್ತ ಕಲ್ಲು ತಂದೆಯಾ?" ಹೆಗ್ಡೆಯವರು ಗುಡುಗಿದರು.

ಐತಪ್ಪ ಒದ್ದೆ ಕೈ ಒರೆಸಿಕೊಂಡ. "ಧಣಿ, ಮೊನ್ನೆ ದೇವಸ್ಥಾನದ ಹೊಸ ಮೂರ್ತಿಯನ್ನು ಪ್ರತಿಷ್ಠೆಗೆ ಮೊದಲು ನೀವೇ ನಿಂತು ನೀರಲ್ಲಿ ಇಡಿಸಿದಿರಿ. ಅದಕ್ಕೆ ಅಂದೇ ಜೀವ ಬಂತಾ? ಇದೂ ನೀರಲ್ಲಿ ಕೂರಲಿ. ಜೀವಕಲ್ಲಿನಿಂದ ಉಳಿದವಕ್ಕೂ ಜೀವ ಹಬ್ಬುತ್ತದೆ."

ಹೆಗ್ಡೆಯವರು ಬಗ್ಗಿ ತೊಟ್ಟಿಯೊಳಗೆ ನೋಡಿದರು. "ಆಯ್ತು, ಮೀನಾದರೂ ಇವತ್ತೇ ಬಿಡು."

"ಪ್ರತಿಷ್ಠೆಗೆ ಮೊದಲೇ ಭಕ್ತರನ್ನು ಒಳಗೆ ಬಿಡ್ತಾರಾ ಧಣಿ?"

ಮರುದಿನ ಹೆಗ್ಡೆಯವರು ತೊಟ್ಟಿ ನೋಡಲು ಬಂದರು. ಚಪ್ಪಲಿ ಹೋಟೆಲಿನ ಬಾಗಿಲಲ್ಲೇ ಬಿಟ್ಟಿದ್ದರು.